ಎಳ್ಳುನೀರು ಬಿಟ್ಟ ಮೇಲೆ

೧೯೩೬, ಜನವರಿ ೧೨, ಭಾನುವಾರ. ಮಧುಗಿರಿ

ಇದನ್ನು ಬರೆಯುವುದು ಸರಿಯೋ ತಪ್ಪೋ ತಿಳಿಯದು. ಒಂಬತ್ತು ವರ್ಷ ಈ ಕೈ ದೊಡ್ಡಯ್ಯನವರ ಮಾತುಗಳನ್ನು ಬಿಟ್ಟು ಬೇರೇನನ್ನೂ ಬರೆದಿಲ್ಲ. ಅವರು ಗವಿಯೊಳಗೆ ಕುಳಿತು ಅಪ್ಪಣೆ ಕೊಡಿಸುವರು, ಈ ಜೀವ ಚಾಪೆಯ ಮೇಲೆ ಕುಳಿತು ಬರೆದುಕೊಳ್ಳುವುದು. ಅವರ ಮುಂದೆ ‘ನಾನು’ ಎನ್ನಕೂಡದು. ಗವಿಯವರು ಎಂದರೆ ನಿಡುಗಲ್ ಬೆಟ್ಟದ ಆಚೆ ದೊಡ್ಡಯ್ಯನವರನ್ನು ನಂಬಿ ಬಾಳುವ ನಲವತ್ತು ಮನೆ. ಅಷ್ಟರಲ್ಲಿ ಅಕ್ಷರ ಬಲ್ಲ ಹೆಂಗಸು ಈ ಕದರಮ್ಮ ಒಬ್ಬಳೇ. ತವರಿನಲ್ಲಿ ಅಪ್ಪ ಕೂಲಿಮಠದ ಮೇಷ್ಟ್ರಾಗಿದ್ದರು.

ಬಿಟ್ಟು ಬಂದು ಮೂವತ್ತೊಂಬತ್ತು ದಿನ. ಬಾವಿಗೆ ಹೋದವಳು ಕೊಡವನ್ನು ಕಟ್ಟೆಯ ಮೇಲಿಟ್ಟು ಹಾಗೇ ನಡೆದುಬಿಟ್ಟದ್ದು. ಹೋದ ಚೈತ್ರದಲ್ಲಿ ಐದು ವರ್ಷದ ಮಗ ಕಾಟನಿಗೆ ಮೈಮೇಲೆ ಸಿಡುಬಿನ ಅಮ್ಮ ಎದ್ದಳು. ಗವಿಯವರು ಔಷಧಿ ಮುಟ್ಟುವುದಿಲ್ಲ. ಹನ್ನೊಂದನೇ ದಿನ ಹೋದ. ಸತ್ತವರಿಗೆ ಅತ್ತರೆ ಆ ಜೀವ ದಾರಿ ತಪ್ಪುತ್ತದೆ ಎಂದು ಅಪ್ಪಣೆ, ಯಾರೂ ಅಳಲಿಲ್ಲ. ಅದಾದ ಎಂಟು ತಿಂಗಳು ಹೇಗೆ ಕಳೆಯಿತೋ, ಕೊಡ ಇಟ್ಟ ದಿನವೇ ಯಾಕೆ ಇಟ್ಟದ್ದೋ ಹೇಳಲಾಗದು. ಎಂಟು ವರ್ಷದ ಮಗಳು ಓಬಳಿ ಆಗ ಅವಳ ಅಪ್ಪನ ಜೊತೆ ಹೊಲದಲ್ಲಿದ್ದಳು. ಹೋಗಿ ಕರೆದುಕೊಳ್ಳಬಹುದಿತ್ತು. ಕರೆದುಕೊಳ್ಳಲಿಲ್ಲ.

ರಹಮತ್ ಬಿ ಸಿರಾ ಕಡೆಯವರು. ಗಂಡ ತೀರಿದ ಮೇಲೆ ಇಲ್ಲಿ ಒಬ್ಬರೇ ಇದ್ದು ಹತ್ತಿಯ ರಜಾಯಿ ಹೊಲಿದು ಬದುಕುತ್ತಾರೆ. ಬಸ್ಸಿನಿಂದಿಳಿದು ದಿಕ್ಕು ತೋಚದೆ ಅವರ ಜಗುಲಿಯ ಮೇಲೆ ಕುಸಿದವಳನ್ನು ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. “ಸೂಜಿ ಹಿಡಿಯಕ್ಕೆ ಬರ್ತದಾ ಬೇಟಿ?” ಅಂದರು, ಅಷ್ಟೆ. ಬೆಳಗಾದರೆ ಬೆರಳು ತಾವಾಗಿ ಲೇಖಣಿ ಹಿಡಿದಂತೆ ಮಡಚಿಕೊಳ್ಳುವುದನ್ನು ಕಂಡು ಅವರೇ ಈ ನೋಟುಬುಕ್ಕು ತಂದುಕೊಟ್ಟರು.

ಜನವರಿ ೨೧

ಗವಿಯಲ್ಲಿ ಹೊತ್ತು ನೆತ್ತಿಗೆ ಬರುವ ಮೊದಲು ಒಂದೇ ಊಟ. ಇಲ್ಲಿಯೂ ಹಾಗೇ ನಡೆಸಿಕೊಂಡು ಬಂದಿತ್ತು. ಇವತ್ತು ಸಂಜೆ ರಹಮತ್ ಬಿ ಮುದ್ದೆ, ಹುರುಳಿಸಾರು ತಂದು ಮುಂದಿಟ್ಟರು.

“ಹೊತ್ತಿಳಿದಿದೆ ಬೂವಮ್ಮ, ಆಗಲ್ಲ.”

“ಹೊತ್ತಿಳಿದ್ರೆ ಹೊಟ್ಟೆನೂ ಇಳ್ದು ಹೋಗ್ತದಾ? ಇಲ್ಲಿ ಯಾರು ನೋಡ್ತಾರೆ ನಿನ್ನ?”

ಯಾರು ನೋಡುತ್ತಾರೆ ಎಂದು ಅವರಿಗೆ ಹೇಗೆ ಹೇಳುವುದು. ಅವರು ಎದ್ದುಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿಕೊಂಡು ತಿಂದಾಯಿತು.

ಫೆಬ್ರವರಿ ೨

ಮೂರು ದಿನದಿಂದ ಹೊಟ್ಟೆನೋವು. ಶಾಪವೇ ಇರಬೇಕು. ದೊಡ್ಡಯ್ಯನವರ ಹಾಗೆ ಬಿಳಿ ಪಂಚೆ ಉಟ್ಟವರೊಬ್ಬರು ಬೀದಿಯಲ್ಲಿ ಹೋದರು. ಅರಿವಾಗುವಷ್ಟರಲ್ಲಿ ಬಾಗಿಲ ಹಿಂದೆ ಬಂದು ನಿಂತದ್ದಾಗಿತ್ತು. ಆಮೇಲೆ ತಿಳಿಯಿತು, ಅವರು ಎಣ್ಣೆ ಮಾರುವವರು.

ಫೆಬ್ರವರಿ ೯, ಭಾನುವಾರ

ದಾಕು ಹಾಕುವ ಪರ್ವತಯ್ಯನವರು ನಮ್ಮ ಬೀದಿಗೆ ಬಂದಿದ್ದರು. ಸರ್ಕಾರದ ಕಡೆಯಿಂದ ಊರೂರು ತಿರುಗಿ, ಅಮ್ಮ ಬಾರದ ಹಾಗೆ ಮಕ್ಕಳ ತೋಳಿಗೆ ಗೀರಿ ದಾಕು ಹಾಕುವುದು ಅವರ ಕೆಲಸ. ರಹಮತ್ ಬಿಯ ಜಗುಲಿಯ ಮೇಲೆ ಕುಳಿತು ನೀರು ಕುಡಿಯುತ್ತ, ಪಾವಗಡದ ಕಡೆ ಎರಡು ಹಳ್ಳಿಯಲ್ಲಿ ಅಮ್ಮ ಕಾಣಿಸಿಕೊಂಡಿದ್ದಾಳೆ ಅಂದರು. ಒಳಗಿದ್ದವಳು ಹೊಸಲಿಗೆ ಬಂದು ಕೇಳಿದೆ.

“ನಿಡುಗಲ್ ಕಡೆಗೂ ಹೋಗಿದ್ರಾ ಸ್ವಾಮಿ? ಗವಿಯವರ ತಾವ?”

“ಹೋಗಿದ್ದೆ ಕಣಮ್ಮ. ನಲವತ್ತು ಮನೇಲಿ ಒಂದು ಮಗೂನೂ ಇಲ್ಲ ಅಂದ್ರು! ಹಿತ್ತಲಲ್ಲಿ ನೋಡಿದ್ರೆ ಚಿಕ್ಕ ಚಿಕ್ಕ ಲಂಗ ಒಣಗ್ತಾ ಇದ್ವು. ಎಲ್ಲಿ ಬಚ್ಚಿಟ್ಟಿದ್ರೋ. ಅಮಲ್ದಾರರಿಗೆ ಬರೆದಿದೀನಿ, ಹುಕುಂ ಬರಬೇಕು. ಅಷ್ಟರಲ್ಲಿ ಏನಾಗುತ್ತೋ.” ಆಮೇಲೆ ಮುಖ ದಿಟ್ಟಿಸಿ ನೋಡಿದರು. “ನೀವು ಅಲ್ಲಿಯವರಾ? ಬರೆಯೋ ಹೆಂಗಸು ಒಬ್ಬರು ತೀರಿಹೋದ್ರು, ಗಂಡನ ಕೈಲಿ ಎಳ್ಳುನೀರು ಬಿಡಿಸಿದ್ವಿ ಅಂತಿದ್ರು.”

ರಹಮತ್ ಬಿ ಹಿಂದಿನಿಂದ ಬಂದು ಭುಜ ಹಿಡಿದುಕೊಂಡರು.

ಎಳ್ಳುನೀರು ಬಿಟ್ಟಿದ್ದಾರೆ. ಓಬಳಿಯ ಅಪ್ಪನೇ ಬಿಟ್ಟಿದ್ದಾರೆ. ಹಾಗಾದರೆ ಓಬಳಿಗೆ ಏನು ಹೇಳಿರುತ್ತಾರೆ?

ಫೆಬ್ರವರಿ ೧೦

ದಾಕು ಹಾಕಿಸಿಕೊಂಡೆ. ಸೂಜಿ ಗೀರುವಾಗ ಕಣ್ಣು ಮುಚ್ಚಿದ್ದೆ. ಏನೋ ಆಗುತ್ತದೆಂದು ದಿನವಿಡೀ ಕಾದೆ. ಏನೂ ಆಗಲಿಲ್ಲ.

ಫೆಬ್ರವರಿ ೧೬

ಕಾಗದ ಬರೆಯೋಣವೆಂದರೆ ಓಬಳಿಯ ಅಪ್ಪನಿಗೆ ಓದು ಬಾರದು. ಗವಿಗೆ ಬಂದ ಕಾಗದವನ್ನು ಓದಿ ಹೇಳುತ್ತಿದ್ದದ್ದೇ ಈ ಜೀವ. ಈಗ ಆ ಕೆಲಸಕ್ಕೆ ಯಾರನ್ನು ಕೂರಿಸಿದ್ದಾರೋ, ಅವರು ಓದುವುದು ದೊಡ್ಡಯ್ಯನವರ ಮುಂದೆಯೇ.

ಹೋಗಲೇಬೇಕು. ಅಮಲ್ದಾರರ ಹುಕುಮಿಗೆ ಕಾಯುತ್ತ ಕುಳಿತರೆ ಅಮ್ಮ ಕಾಯುವುದಿಲ್ಲ. ರಹಮತ್ ಬಿಗೆ ಹೇಳಿದೆ. “ಒಬ್ಬಳೇ ಹೋದ್ರೆ ವಾಪಸ್ ಬರಲ್ಲ ನೀನು. ನಾನೂ ಬರ್ತೀನಿ” ಅಂದರು. ಪಾವಗಡದಲ್ಲಿ ಅವರ ತಂಗಿಯ ಮನೆಯಿದೆ.

ಫೆಬ್ರವರಿ ೨೦. ಪಾವಗಡ

ನಿನ್ನೆ ಬಾಡಿಗೆ ಗಾಡಿ ಮಾಡಿಕೊಂಡು ಹೋದೆವು. ರಹಮತ್ ಬಿ ಬೇಲಿಯ ಹತ್ತಿರ ಗಾಡಿಯಲ್ಲೇ ಉಳಿದರು.

ಬಾವಿಕಟ್ಟೆಯ ಮೇಲೆ ಐದಾರು ಹೆಂಗಸರಿದ್ದರು. ಒಂಬತ್ತು ವರ್ಷ ಜೊತೆಗೆ ನೀರು ಸೇದಿದವರು. ಹೆಸರು ಹಿಡಿದು ಕೂಗಿದೆ. ಯಾರೂ ತಿರುಗಲಿಲ್ಲ. ಎದುರಿಗೇ ಹೋಗಿ ನಿಂತೆ. ಅವರ ಕಣ್ಣು ನನ್ನ ಮೈಯನ್ನು ಹಾದು ಹಿಂದಿನ ಹುಣಸೆಮರವನ್ನು ನೋಡುತ್ತಿದ್ದವು. ಒಬ್ಬಳ ಕೈಯಿಂದ ಮಾತ್ರ ಹಗ್ಗ ಜಾರಿತು.

ಅಷ್ಟರಲ್ಲಿ ದೊಡ್ಡಯ್ಯನವರು ಗವಿಯಿಂದ ಇಳಿದು ಬಂದರು. ಕಾಲು ತಾನಾಗಿ ಮಡಚಿತು. ಅಡ್ಡಬೀಳುತ್ತಿದ್ದೆನೇನೋ. ಅವರು ಹೆಂಗಸರಿಗೆ ಮೆಲ್ಲಗೆ ಹೇಳಿದರು: “ಕೆಟ್ಟ ಗಾಳಿ ಬೀಸ್ತಾ ಐತೆ ತಲ್ಲೀ. ಮಕ್ಕಳನ್ನ ಒಳೀಕೆ ಕರ್ಕೊಳ್ರಿ.”

“ಅಯ್ಯಾ, ನನ್ನ ಮಗು ಕೊಡಿ. ಅಮ್ಮ ಬರ್ತಾವಳೆ. ಇನ್ನೊಂದನ್ನ ಮಣ್ಣಿಗಿಡಕ್ಕೆ ನನ್ ಕೈಲಾಗಲ್ಲ.”

ಅವರು ಬೂದಿ ತರಿಸಿ ಗಾಳಿಗೆ ತೂರಿದರು. ನನ್ನ ಕಣ್ಣಿಗೂ ಬಿತ್ತು. ಉಜ್ಜಿಕೊಂಡು ನೋಡಿದರೆ ನಮ್ಮ ಮನೆಯ ಹೊರಮೂಲೆಯಲ್ಲಿ ಓಬಳಿ ನಿಂತಿದ್ದಾಳೆ! ಗವಿಯವರೆಲ್ಲರಲ್ಲಿ ನನ್ನನ್ನು ನೋಡಿದವಳು ಅವಳೊಬ್ಬಳೇ. ನೋಡಿ, ಚೀರಿ, ಒಳಗೆ ಓಡಿಹೋದಳು.

ಸೋತು ಹಿಂತಿರುಗುವಾಗ ಓಬಳಿಯ ಅಪ್ಪ ಎತ್ತು ಹೊಡೆದುಕೊಂಡು ದಾರಿಯಲ್ಲಿ ಎದುರಾದರು. ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ಎತ್ತಿನ ಕೊರಳು ತಟ್ಟುತ್ತ ಅದಕ್ಕೇ ಹೇಳಿದರು: “ಶುಕ್ರವಾರ ಪಾವಗಡಕ್ಕೆ ಹೋಗ್ಬೇಕು ಕಣ್ಲಾ. ಹೊತ್ತೇರೋ ಹೊತ್ಗೆ ಬಸ್ಸು ನಿಲ್ಲೋ ತಾವ ಇರ್ಬೇಕು. ಮಗೀನೂ ಕರ್ಕೊಂಡೋಗ್ಬೇಕು. ತಿಳೀತಾ?”

ತಿಳಿಯಿತು ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ನಾಳೆ ಶುಕ್ರವಾರ. ಬರುತ್ತಾರೋ, ಅಲ್ಲಿ ಯಾರಾದರೂ ತಡೆಯುತ್ತಾರೋ. ರಹಮತ್ ಬಿಯ ತಂಗಿ ಊಟಕ್ಕೆ ಮೂರು ಸಲ ಕರೆದರು.

ಫೆಬ್ರವರಿ ೨೧, ಶುಕ್ರವಾರ

ಬಂದರು. ಹೊತ್ತು ನೆತ್ತಿಗೇರಿತ್ತು, ಒಂದು ಬಸ್ಸು ಹೋಗಿಯೂ ಆಗಿತ್ತು. ಹೆಗಲ ಮೇಲೆ ಓಬಳಿ, ಮೈತುಂಬ ಧೂಳು. ಇಷ್ಟು ದೂರ ನಡೆದೇ ಬಂದಿದ್ದರು. ಇವತ್ತು ನನ್ನ ಮುಖ ನೋಡಿ ಮಾತಾಡಿದರು.

“ಏಳ್ಗುಡಿಸಲ ತಾವ ಎರಡ್ ಮಕ್ಕಳ್ಗೆ ಅಮ್ಮ ಎದ್ದವ್ಳೆ. ನಾಳೆ ನಮ್ಗೂ ಬತ್ತಾಳೆ. ಕಾಟನ್ನ ನೋಡ್ದಂಗೆ ಇವ್ಳನ್ನೂ ನೋಡೋ ಸಕ್ತಿ ನಂಗಿಲ್ಲ ಕಣೆ.”

“ನೀನೂ ಬಾ. ಮೂರು ಜನಾನೂ ಹೋಗನ.”

“ನನ್ ಕೈಲಾಗಲ್ಲ. ಅಪ್ಪಯ್ಯ ಇದ್ದ ಜಾಗ, ನಮ್ಮಣ್ಣ ಇರೋ ಜಾಗ. ಅದ್ ಬುಟ್ರೆ ನಾನು ಯಾರು?”

“ಅಲ್ಲಿ ಏನಂತ ಹೇಳ್ತೀಯ?”

“ಸತ್ತೋಳು ಬಂದು ಮಗೀನ ಎಳ್ಕೊಂಡೋದ್ಲು ಅಂತೀನಿ. ನಂಬ್ತಾರೆ.”

ಓಬಳಿ ಅಪ್ಪನ ಕೊರಳು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿ ರಹಮತ್ ಬಿಯ ಕೈಗೆ ಕೊಟ್ಟರು. ನನ್ನ ಕೈಗೆ ಬರಲು ಅವಳು ಒಪ್ಪಲಿಲ್ಲ. ಬಸ್ಸು ಮಿಡಿಗೇಶಿ ದಾಟುವವರೆಗೂ ರಹಮತ್ ಬಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಿದ್ದಳು. ನಡುವೆ ಒಮ್ಮೆ ಸೆರಗು ಸರಿಸಿ ನನ್ನ ಪಾದಗಳನ್ನು ನೋಡಿದಳು. ಹಿಂದುಮುಂದಾಗಿವೆಯೇ ಎಂದು.

ಫೆಬ್ರವರಿ ೨೩

ಎರಡು ದಿನದಿಂದ ಅವಳು ಉಂಡಿಲ್ಲ. ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಾಳೆ. ತಟ್ಟೆ ಮುಂದಿಟ್ಟರೆ, “ಸತ್ತೋರ ಕೈಯಿಂದ ಈ ಜೀವ ತಿನ್ಬಾರ್ದು” ಅನ್ನುತ್ತಾಳೆ. ಸಿಟ್ಟಿಲ್ಲ, ಹಟವಿಲ್ಲ. ಪಾಠ ಒಪ್ಪಿಸಿದ ಹಾಗೆ. ಮುಟ್ಟಲು ಹೋದರೆ ಕಲ್ಲಾಗುತ್ತಾಳೆ.

ತಪ್ಪು ಮಾಡಿದೆನೇ? ಅಲ್ಲಿಯಾದರೂ ಉಣ್ಣುತ್ತಿದ್ದಳು.

ಫೆಬ್ರವರಿ ೨೪

ಉಂಡಳು!

ರಹಮತ್ ಬಿ ಅವಳನ್ನು ರಮಿಸಲಿಲ್ಲ. ಬೆಳಿಗ್ಗೆ ಹೊಲಿಗೆಗೆ ಕುಳಿತವರು, “ನನಗೆ ಕಣ್ಣು ಕಾಣಲ್ಲ. ಈ ದಾರ ಪೋಣಿಸು” ಎಂದು ಸೂಜಿ ಚಾಚಿದರು. ಓಬಳಿ ಪೋಣಿಸಿದಳು. ಇನ್ನೊಂದು. ಮತ್ತೊಂದು. ನಾನು ಅಡುಗೆ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಏಳೆಂಟು ಸೂಜಿಯಾದ ಮೇಲೆ ಅವಳ ಪಿಸುದನಿ ಕೇಳಿಸಿತು.

“ಅಜ್ಜೀ, ಅವ್ಳು ನಿನ್ಗೂ ಕಾಣ್ತಾಳಾ?”

“ಕಾಣದೆ ಏನು? ದಿನಾ ನನ್ನ ಕತ್ತರಿ ಎಲ್ಲೋ ಇಟ್ಟು ಮರೀತಾಳೆ. ಗೊರಕೆ ಬೇರೆ ಹೊಡೀತಾಳೆ.”

“ಸತ್ತೋರು ಗೊರಕೆ ಹೊಡೀತಾರಾ?”

“ನಮ್ಮ ಮನೆಯವರು ಸತ್ತು ಹನ್ನೆರಡು ವರ್ಷ ಆಯ್ತು. ಬದುಕಿದ್ದಾಗ ಛಾವಣಿ ಹಾರೋ ಹಂಗೆ ಹೊಡೀತಿದ್ರು. ಆಮೇಲೆ ಒಂದು ದಿನಾನೂ ಕೇಳಿಸಿಲ್ಲ.”

ಓಬಳಿ ಮತ್ತೊಂದು ಸೂಜಿ ಪೋಣಿಸಿಕೊಟ್ಟಳು. ಮಧ್ಯಾಹ್ನ ರಹಮತ್ ಬಿಯ ತಟ್ಟೆಯಿಂದ ಎರಡು ತುತ್ತು ತಿಂದಳು. ನಾನು ಗೊರಕೆ ಹೊಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಫೆಬ್ರವರಿ ೨೬

ಪರ್ವತಯ್ಯನವರು ಬಂದು ಓಬಳಿಗೆ ದಾಕು ಹಾಕಿದರು. ಅಳುತ್ತಾಳೆ, ಓಡುತ್ತಾಳೆ ಎಂದುಕೊಂಡಿದ್ದೆವು. ಅವಳು ಸುಮ್ಮನೆ ತೋಳು ಚಾಚಿ ನಿಂತಳು. “ಭಲೆ ಧೈರ್ಯಸ್ಥೆ” ಅಂದರು ಅವರು. ಅದು ಧೈರ್ಯವಲ್ಲ. ಹೇಳಿದ್ದನ್ನು ಮಾಡಿಸಿಕೊಳ್ಳುವುದು ಗವಿಯಲ್ಲಿ ನಮಗೆ ಕಲಿಸಿದ್ದ ವಿದ್ಯೆ.

ಮಾರ್ಚ್ ೫

ನಿನ್ನೆಯಿಂದ ಕೆಂಡದಂಥ ಜ್ವರ. ತೋಳು ಬಾತಿದೆ. ದಾಕು ಏರುವಾಗ ಹೀಗಾಗುತ್ತದೆ ಎಂದು ಪರ್ವತಯ್ಯನವರು ಹೇಳಿದ್ದರು. ಆದರೆ ಅಲ್ಲಿಂದ ಬಂದು ಹದಿಮೂರು ದಿನ. ಕಾಟನಿಗೂ ಮೊದಲು ಬರೀ ಜ್ವರವೇ ಬಂದದ್ದು. ಗುಳ್ಳೆ ಎದ್ದದ್ದು ಆಮೇಲೆ. ಕೇಳೋಣವೆಂದರೆ ಅವರು ದೊಡ್ಡೇರಿ ಕಡೆ ಹೋಗಿದ್ದಾರೆ, ಬರುವುದು ಇನ್ನೂ ಮೂರು ದಿನ.

ಗಳಿಗೆಗೊಮ್ಮೆ ಅವಳ ಹಣೆ, ಅಂಗೈ, ನಾಲಿಗೆ ನೋಡುತ್ತೇನೆ. ಕಾಟನಿಗೆ ನೀರು ಕೊಡಬಾರದೆಂದು ಅಪ್ಪಣೆಯಾಗಿತ್ತು. ನೇಮ ಹಿಡಿದರೆ ಅಮ್ಮ ತಾನಾಗಿ ಇಳಿಯುತ್ತಾಳೆ ಎಂದು. ನೀರು ನೀರು ಎನ್ನುವುದನ್ನು ಕೇಳಲಾರದೆ ಅವನ ಅಪ್ಪ ಎದ್ದು ಹೊಲಕ್ಕೆ ಹೋಗುತ್ತಿದ್ದರು. ಹೆತ್ತವಳು ಪಕ್ಕದಲ್ಲೇ ಕುಳಿತು ಕೊಡಲಿಲ್ಲ. ಅವನು ಹೋದ ಸಂಜೆ ದೊಡ್ಡಯ್ಯನವರು, ಆ ಮನೆಯಲ್ಲಿ ಯಾರೋ ನೇಮ ಮುರಿದಿದ್ದಾರೆ, ಅದಕ್ಕೇ ಮಗು ಹೋಯಿತು ಅಂದರು. ಅದನ್ನು ಪುಸ್ತಕದಲ್ಲಿ ದುಂಡಗೆ ಬರೆದದ್ದು ಈ ಕೈ. ಓಬಳಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಈಗ ಮತ್ತೆ ನೇಮ ಮುರಿದಿದೆ. ಎರಡು ಹೊತ್ತು ಊಟ, ದಾಕು, ಎಲ್ಲ. ಅದರ ಫಲ ಈ ಕೂಸಿಗೆ ಬಂದಿದೆ. ದೊಡ್ಡಯ್ಯನವರ ಪಾದಗಳಿಗೆ: ಈ ಜೀವ ತಪ್ಪು ಮಾಡಿತು. ಈ ಜೀವವನ್ನು ಕಟ್ಟೆಯ ಕೆಳಗಾದರೂ ಇರಿಸಿಕೊಳ್ಳಿ, ಮಗುವನ್ನು ಉಳಿಸಿ. ಈ ಜೀವ ಇನ್ನೆಂದೂ

ಓಬಳಿ ನೀರು ಕೇಳುತ್ತಿದ್ದಾಳೆ.

ಮಾರ್ಚ್ ೬

ಕೊಟ್ಟೆ. ಕೇಳಿದಾಗಲೆಲ್ಲ ಕೊಡುತ್ತಿದ್ದೇನೆ. ನನ್ನ ಕೈಯಿಂದಲೇ ಕುಡಿಯುತ್ತಾಳೆ. ಜ್ವರ ಇಳಿದಿಲ್ಲ.

ಮಾರ್ಚ್ ೮, ಭಾನುವಾರ

ಇಳಿಯಿತು. ಗುಳ್ಳೆ ಎಂದರೆ ತೋಳಿನ ಮೇಲೆ ದಾಕಿನದೊಂದೇ. ಪರ್ವತಯ್ಯನವರು ನೋಡಿ, “ಚೆನ್ನಾಗಿ ಎದ್ದಿದೆ ಕಣಮ್ಮ, ಇನ್ನು ಭಯ ಇಲ್ಲ” ಅಂದರು. ನನಗೆ ಎಂಥ ನಿದ್ದೆ ಬಂತೆಂದರೆ ಹಗಲಲ್ಲೇ ಹತ್ತಿಯ ರಾಶಿಯ ಮೇಲೆ ಮಲಗಿಬಿಟ್ಟೆ. ಎದ್ದಾಗ ಓಬಳಿ ಪಕ್ಕದಲ್ಲಿ ಕುಳಿತಿದ್ದಳು.

“ಅಜ್ಜಿ ಹೇಳಿದ್ದು ದಿಟ. ಗೊರಕೆ ಹೊಡೀತೀಯ” ಅಂದಳು.

ಮಾರ್ಚ್ ೩೦

ಹುಕುಂ ಬಂತು, ಪರ್ವತಯ್ಯನವರು ಗವಿಗೆ ಹೋಗಿಬಂದರು. ಅಷ್ಟರಲ್ಲಿ ಅಮ್ಮ ಒಳಗೆ ಕಾಲಿಟ್ಟಾಗಿತ್ತು. ಮೂರು ಮಕ್ಕಳು ಹೋದವು. ಉಳಿದ ಮಕ್ಕಳನ್ನು ಗವಿಯ ಹಿಂದಿನ ಬಿರುಕಿನಲ್ಲಿ ಕೂರಿಸಿ ಬಾಯಿಗೆ ಚಪ್ಪಡಿ ಅಡ್ಡ ಇಟ್ಟಿದ್ದರಂತೆ. ಎಲ್ಲಿ ಎಂದು ಯಾರೂ ಬಾಯಿ ಬಿಡಲಿಲ್ಲ. ಓಬಳಿಯ ಅಪ್ಪ ಪಾಲಪ್ಪ ಮುಂದೆ ಬಂದು, ಎಲ್ಲರೆದುರಿಗೆ, ಆ ಚಪ್ಪಡಿ ಸರಿಸಿದ. ಹತ್ತೊಂಬತ್ತು ಮಕ್ಕಳಿಗೆ ದಾಕು ಬಿತ್ತು.

“ಅವರಿಗೂ ಎಳ್ಳುನೀರು ಬಿಟ್ಟರು ಕಣಮ್ಮ. ನಾನು ಅಲ್ಲಿರುವಾಗಲೇ” ಅಂದರು ಪರ್ವತಯ್ಯನವರು. “ಬನ್ನಿ ಅಂತ ಕರೆದೆ. ಬರಲಿಲ್ಲ. ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದಾರೆ. ಕಾಯಿಲೆಯವರ ಮನೆ ಬಾಗಿಲಿಗೆ ದಿನಾ ನೀರು ಹೊತ್ತು ಹಾಕ್ತಾರೆ. ಯಾರೂ ಅವರನ್ನ ನೋಡಲ್ಲ. ನೀರು ಮಾತ್ರ ತಗೋತಾರೆ.”

ದೊಡ್ಡಯ್ಯ ಏನಂದ ಎಂದು ಕೇಳುವುದನ್ನೇ ಮರೆತೆ. ಪಾಲಪ್ಪನ ಹೊಟ್ಟೆಗೆ ಏನು ಎಂದು ಕೇಳಿದೆ.

ಏಪ್ರಿಲ್ ೧೯, ಭಾನುವಾರ

ಕಾಟ ಹೋಗಿ ವರ್ಷವಾಯಿತು. ನಾನು ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆಯಿಂದ ಓಬಳಿ ಸೂಜಿ ಮುಟ್ಟಲಿಲ್ಲ. ಮಧ್ಯಾಹ್ನ ರಹಮತ್ ಬಿ ಪೇಟೆಗೆ ಹೋದಾಗ ನನ್ನೆದುರಿಗೆ ಬಂದು ನಿಂತಳು.

“ಅವ್ವಾ, ಕಾಟನ್ನ ಸಾಯ್ಸಿದ್ದು ನಾನು.”

ಕೈಯಲ್ಲಿದ್ದ ರಜಾಯಿ ಕೆಳಗಿಟ್ಟೆ. ನಿಧಾನವಾಗಿ ಹೇಳು ಅಂದೆ.

“ನೀವೆಲ್ಲ ಗವೀಗೆ ಹೋಗಿದ್ರಿ. ನನ್ನ ಕಾಯಕ್ಕೆ ಬುಟ್ಟಿದ್ರಿ. ಅಕ್ಕಾ ನೀರು ಅಂದ. ನಾನು ಕೊಟ್ಬುಟ್ಟೆ. ಅದ್ಕೇ ಹೋದ. ದೊಡ್ಡಯ್ಯ ಹೇಳಿದ್ದು ನನ್ನೇ. ನೀನು ಬರ್ಕೊಂಡೆ.”

ಒಂದು ವರ್ಷ. ಎಂಟು ವರ್ಷದ ಮಗು ಇದನ್ನು ಎದೆಯಲ್ಲಿಟ್ಟುಕೊಂಡು ನಾನು ಬರೆಯುವುದನ್ನು ನೋಡುತ್ತ ಕುಳಿತಿತ್ತು.

“ಕುಡಿದ್ನಾ ಓಬಳೀ?”

“ಹೂಂ.”

“ಹೆಂಗೆ ಕೊಟ್ಟೆ?”

“ಬೊಗಸೇಲಿ. ಇನ್ನಾ ಬೇಕು ಅಂದ. ಮೂರ್ ಸಲ ಕೊಟ್ಟೆ. ಆಮ್ಯಾಕೆ ನನ್ ಕೈ ನೆಕ್ಕಿ ನಕ್ಕ. ತಣ್ಣಗೈತೆ ಅಂದ.”

ನನ್ನೊಳಗಿಂದ ಎಂಥದೋ ಸದ್ದು ಬಂತು. ಪ್ರಾಣಿಯ ಸದ್ದಿನ ಹಾಗೆ. ನಿಲ್ಲಿಸಲಾಗಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಂದರಂತೆ. ಓಬಳಿ ಮೊದಲು ಹೆದರಿ ಹಿಂದೆ ಸರಿದಳು. ಆಮೇಲೆ ಹತ್ತಿರ ಬಂದು ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಲು ನೋಡಿದಳು. ಆಗದೆ, ತಾನೂ ಅಳತೊಡಗಿದಳು. ನೀರಿನಿಂದ ಯಾರೂ ಸಾಯುವುದಿಲ್ಲ, ಕೊಟ್ಟದ್ದು ಒಳ್ಳೆಯದಾಯಿತು, ನಾನು ಕೊಡಬೇಕಾಗಿದ್ದನ್ನು ನೀನು ಕೊಟ್ಟೆ ಎಂದು ಎಷ್ಟು ಸಲ ಹೇಳಿದೆನೋ. ನಂಬಿದಳೋ ಇಲ್ಲವೋ ಗೊತ್ತಿಲ್ಲ. ನಾಳೆಯೂ ಹೇಳುತ್ತೇನೆ.

ಬೆಳಗಿನ ಬಸ್ಸಿಗೆ ಪರ್ವತಯ್ಯನವರು ಪಾವಗಡಕ್ಕೆ ಹೋಗುತ್ತಾರೆ. ಪಾಲಪ್ಪನಿಗೆ ಓದಲು ಬಾರದು. ಅದಕ್ಕೇ ಹೊತ್ತು ಮುಳುಗುವ ಮೊದಲು ನಾವಿಬ್ಬರೂ ಅವರ ಮನೆಗೆ ಹೋಗಿ ಬಾಯಲ್ಲೇ ಹೇಳಿಬಂದೆವು. ಬೇರೆಲ್ಲ ಮರೆತರೂ ಇದೊಂದು ತಲುಪಿಸಿ ಅಂದೆ: ಕಾಟ ಬಾಯಾರಿಕೊಂಡು ಹೋಗಲಿಲ್ಲ. ಅವನ ಅಕ್ಕ ಮೂರು ಬೊಗಸೆ ನೀರು ಕೊಟ್ಟಿದ್ದಳು.